ರಾತ್ರಿ ಒಂಬತ್ತಕ್ಕೂ ಬಿಸಿಲು: ಇಂಗ್ಲೆಂಡಿನ ಅಲಾಟ್‌ಮೆಂಟಿನಲ್ಲಿ ಜೂನ್ ತಿಂಗಳ ಬೆಳೆ

(ದೃಶ್ಯ: ಓರೆ ಬಿಸಿಲಿನಲ್ಲಿ ತರಕಾರಿ ಮಡಿಗಳು. ಕೈಗಡಿಯಾರ ಹತ್ತಿರದಿಂದ, ಗಂಟೆ 9.)

ನಮಸ್ಕಾರ. ಈಗ ರಾತ್ರಿ ಒಂಬತ್ತು ಗಂಟೆ. ನನ್ನ ಹಿಂದೆ ನೋಡಿ, ಇನ್ನೂ ಬಿಸಿಲಿದೆ. ಊರು ಇಂಗ್ಲೆಂಡಿನ ರೆಡಿಂಗ್, ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ತಿಂಗಳು ಜೂನ್. ಆಫೀಸ್ ಮುಗಿಸಿ, ಅಡುಗೆ ಮಾಡಿ, ಮಗಳನ್ನು ಮಲಗಿಸಿ ಬಂದರೂ ಎರಡು ಸಾಲು ಕಳೆ ಕೀಳುವಷ್ಟು ಬೆಳಕು ಸಿಗುತ್ತದೆ.

ನಾನು ಹಾಸನದ ಕಡೆಯವಳು. ಊರಲ್ಲಿ ಈ ಹೊತ್ತಿಗೆ ರೋಹಿಣಿ ಮಳೆ ಮುಗಿದು ಮೃಗಶಿರ ಹಿಡಿದಿರುತ್ತದೆ. ಅಲ್ಲಿ ಮಳೆ ನೋಡಿ ಬಿತ್ತುತ್ತೇವೆ. ಇಲ್ಲಿಗೆ ಬಂದ ಮೊದಲ ಮೂರು ವರ್ಷ ನಾನು ಸೆಕೆ ನೋಡಿ ಬಿತ್ತಿದೆ. ಕೊತ್ತಂಬರಿ ಹೋಯಿತು, ಪಾಲಕ್ ಹೋಯಿತು, ಅವರೆ ಬರೀ ಬಳ್ಳಿಯಾಯಿತು. ಆಮೇಲೆ ಗೊತ್ತಾಯಿತು, ಇಲ್ಲಿ ನೋಡಬೇಕಾದ್ದು ಹಗಲಿನ ಉದ್ದ. ಈ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

(ದೃಶ್ಯ: ಗೇಟಿನಿಂದ ಒಳಕ್ಕೆ, ಸಾಲು ಸಾಲು ತುಂಡು ತೋಟಗಳು.)

ಮೊದಲು ಅಲಾಟ್‌ಮೆಂಟ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮನೆಯ ಹಿತ್ತಿಲಲ್ಲ, ಹೊಲವೂ ಅಲ್ಲ. ಊರಿನ ಕೌನ್ಸಿಲ್ ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ. 1908ರಲ್ಲಿ ಬಂದ ಕಾಯಿದೆ ಇದಕ್ಕೆ ಬುನಾದಿ. 1922ರ ಕಾಯಿದೆ ಪ್ರಕಾರ ಇಲ್ಲಿ ಬೆಳೆಯುವ ತರಕಾರಿ, ಹಣ್ಣು ಮುಖ್ಯವಾಗಿ ನಮ್ಮ ಮನೆಯ ಊಟಕ್ಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಹಡಗಿನಲ್ಲಿ ಆಹಾರ ಬರುವುದು ಕಷ್ಟವಾದಾಗ, ಸರ್ಕಾರವೇ ಜನರಿಗೆ 'ಗೆಲುವಿಗಾಗಿ ಅಗೆಯಿರಿ' ಅಂತ ಕರೆ ಕೊಟ್ಟಿತ್ತು. ಪಾರ್ಕುಗಳಲ್ಲೂ ಕೋಸು, ಆಲೂಗಡ್ಡೆ ಬೆಳೆದರು.

ಅಳತೆ ಮಾತ್ರ ನನಗೆ ತುಂಬಾ ಇಷ್ಟ. ಇವರು ಇವತ್ತಿಗೂ ಅಲಾಟ್‌ಮೆಂಟನ್ನು ರಾಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಪೂರ್ತಿ ಪ್ಲಾಟ್ ಅಂದರೆ 10 ರಾಡ್, ಸುಮಾರು 250 ಚದರ ಮೀಟರ್. ಒಂದು ಎಕರೆಗೆ 160 ರಾಡ್. ನಮ್ಮಲ್ಲಿ ಒಂದು ಎಕರೆಗೆ 40 ಗುಂಟೆ. ಅಂದರೆ ಸರಿಯಾಗಿ 4 ರಾಡಿಗೆ ಒಂದು ಗುಂಟೆ! ನನ್ನದು ಅರ್ಧ ಪ್ಲಾಟ್, 5 ರಾಡ್. ಒಂದೂಕಾಲು ಗುಂಟೆ ಅಂತ ಹೇಳಿದ ಮೇಲೆಯೇ ಅಪ್ಪನಿಗೆ ಫೋನಿನಲ್ಲಿ ಜಾಗ ಕಣ್ಣಿಗೆ ಕಟ್ಟಿದ್ದು.

(ದೃಶ್ಯ: ಎರಡು ಗೆರೆ, ಒಂದರ ಕೆಳಗೊಂದು. ಒಂದು ಹಾಸನ, ಒಂದು ರೆಡಿಂಗ್.)

ಈಗ ಬೆಳಕಿನ ವಿಷಯ. ಹಾಸನ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ವರ್ಷದ ಅತಿ ಉದ್ದದ ಹಗಲು ಅಲ್ಲಿ ಸುಮಾರು 13 ಗಂಟೆ. ರೆಡಿಂಗ್ 51 ಡಿಗ್ರಿ ದಾಟಿದೆ. ಜೂನ್ 21ರ ಹೊತ್ತಿಗೆ ಇಲ್ಲಿ ಹದಿನಾರೂವರೆ ಗಂಟೆ ಹಗಲು. ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ಮಧ್ಯಾಹ್ನ ಇಪ್ಪತ್ತೇ ಡಿಗ್ರಿ ಇದ್ದರೂ ಜೂನಿನಲ್ಲಿ ಗಿಡಗಳು ನೋಡನೋಡುತ್ತ ಬೆಳೆಯುವುದು ಇದಕ್ಕೇ. ಬೆಳಗ್ಗೆ ಐದಕ್ಕೆ ಮೊದಲೇ ಕೆಲಸ ಶುರು ಮಾಡಿ ರಾತ್ರಿ ಒಂಬತ್ತೂವರೆ ತನಕ ಬಿಸಿಲು ಕುಡಿಯುತ್ತಿರುತ್ತವೆ.

ಆದರೆ ಎಲ್ಲ ಗಿಡಕ್ಕೂ ಇದು ಒಳ್ಳೆಯದಲ್ಲ. ಗಿಡಗಳು ಹಗಲು ಎಷ್ಟು, ರಾತ್ರಿ ಎಷ್ಟು ಅಂತ ಲೆಕ್ಕ ಇಡುತ್ತವೆ. ಅದನ್ನು ನೋಡಿಕೊಂಡೇ ಎಷ್ಟೋ ಗಿಡಗಳು ಯಾವಾಗ ಹೂ ಬಿಡಬೇಕು ಅಂತ ತೀರ್ಮಾನ ಮಾಡುವುದು.

(ದೃಶ್ಯ: ಹೂ ಬಿಟ್ಟ ಕೊತ್ತಂಬರಿ, ಕೈಯಲ್ಲಿ ಹಿಡಿದು.)

ಈ ಕೊತ್ತಂಬರಿ ನೋಡಿ. ಏಪ್ರಿಲ್ ಕೊನೆಯಲ್ಲಿ ಹಾಕಿದ್ದು. ಕೆಳಗಿನ ಎರಡು ಎಲೆ ಅಗಲ ಇವೆ, ನಮಗೆ ಬೇಕಾದ ಎಲೆ ಅದೇ. ಮೇಲೆ ಹೋದ ಹಾಗೆ ಎಲೆ ಸಬ್ಬಸಿಗೆ ತರಹ ಸೀಳಿಕೊಂಡಿದೆ. ತುದಿಯಲ್ಲಿ ಬಿಳಿ ಹೂವಿನ ಕೊಡೆ. ಗೊಬ್ಬರ, ನೀರು ಎಷ್ಟು ಹಾಕಿದರೂ ಇದು ಇನ್ನು ಹಿಂದಕ್ಕೆ ಬರುವುದಿಲ್ಲ. ಹಗಲು ಉದ್ದವಾಯಿತು, ಮಣ್ಣು ಒಣಗಿತು, ಬೀಜ ಕಟ್ಟಿಬಿಡೋಣ ಅಂತ ಗಿಡ ಹೊರಟಾಯಿತು. ಪಾಲಕ್ ಕಥೆಯೂ ಇದೇ.

ನಾನು ಈಗ ಮಾಡುವುದು ಇಷ್ಟೇ. ಬೀನ್ಸ್ ಹಂದರದ ನೆರಳಿನಲ್ಲಿ, ಹದಿನೈದು ದಿನಕ್ಕೊಮ್ಮೆ ಒಂದು ಮೊಳ ಸಾಲು ಹಾಕುತ್ತೇನೆ. ಮಣ್ಣು ಒಣಗಲು ಬಿಡುವುದಿಲ್ಲ. ನಾಲ್ಕು ಬೆರಳು ಎತ್ತರ ಬಂದ ಕೂಡಲೇ ಕೊಯ್ಯುತ್ತೇನೆ. ದೊಡ್ಡ ಬಿತ್ತನೆ ಆಗಸ್ಟಿಗೆ, ಹಗಲು ಕಡಿಮೆಯಾಗುತ್ತಾ ಬಂದಾಗ. ಮೆಂತ್ಯಕ್ಕೆ ಇಷ್ಟು ತಲೆಬಿಸಿ ಇಲ್ಲ. ಬೇಗ ಬರುತ್ತದೆ, ಬೇಗ ಕೊಯ್ದರೆ ಮುಗಿಯಿತು. ದಂಟಿನ ಸೊಪ್ಪಿಗೆ ಮಣ್ಣು ಬೆಚ್ಚಗಿರಬೇಕು, ಜೂನಿಗೆ ಮೊದಲು ಹಾಕಿ ಬೀಜ ಹಾಳು ಮಾಡಬೇಡಿ.

ಈರುಳ್ಳಿ ಇನ್ನೂ ವಿಚಿತ್ರ. ಅದು ಗೆಡ್ಡೆ ಕಟ್ಟುವುದೇ ಹಗಲು ಇಷ್ಟು ಗಂಟೆ ದಾಟಿದ ಮೇಲೆ. ನಮ್ಮ ಕಡೆಯ ತಳಿಗಳಿಗೆ 11–12 ಗಂಟೆ ಹಗಲು ಸಾಕು. ಅವನ್ನು ಇಲ್ಲಿ ವಸಂತದಲ್ಲಿ ಹಾಕಿದರೆ, ಇನ್ನೂ ನಾಲ್ಕು ಎಲೆ ಇರುವಾಗಲೇ 'ಹೊತ್ತು ಆಯಿತು' ಅಂದುಕೊಂಡು ಗೋಲಿಯಷ್ಟೇ ಗೆಡ್ಡೆ ಕಟ್ಟಿ ಮಲಗಿಬಿಡುತ್ತವೆ. ಇಲ್ಲಿನ ತಳಿಗಳು 14–16 ಗಂಟೆಗೆ ಕಾಯುತ್ತವೆ. ಅಷ್ಟರಲ್ಲಿ ಎಲೆ ಜಾಸ್ತಿ ಆಗಿರುತ್ತದೆ, ಗೆಡ್ಡೆಯೂ ದಪ್ಪ ಬರುತ್ತದೆ. ಹಾಗಾಗಿ ಈರುಳ್ಳಿಯನ್ನು ಇಲ್ಲಿನ ಅಂಗಡಿಯಲ್ಲೇ ಕೊಳ್ಳಿ. ಇನ್ನೊಂದು ಮಾತು, ಊರಿಂದ ಬರುವಾಗ ಸುಮ್ನೆ ಸೂಟ್‌ಕೇಸಿನಲ್ಲಿ ಬಿತ್ತನೆ ಬೀಜ ಹಾಕಿಕೊಂಡು ಬರುವಂತಿಲ್ಲ. ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಬೀಜದ ಜೊತೆ ರೋಗವೂ ಬರುತ್ತದೆ.

ಅವರೆಯದು ತದ್ವಿರುದ್ಧ. ಅದಕ್ಕೆ ಹಗಲು ಚಿಕ್ಕದಾಗಬೇಕು. ಊರಲ್ಲಿ ಮಾಗಿ ಚಳಿಗೆ ಕಾಯಿ ಬರುವುದು ಇದಕ್ಕೇ ಅಲ್ವಾ? ಇಲ್ಲಿ ಜೂನ್, ಜುಲೈ, ಆಗಸ್ಟ್ ಪೂರ್ತಿ ಬಳ್ಳಿ ಹಬ್ಬುತ್ತದೆ, ಹೂವಿಲ್ಲ. ಸೆಪ್ಟೆಂಬರ್ ಕೊನೆಗೆ ಹಗಲೂ ರಾತ್ರಿಯೂ ಸಮ ಆದಾಗ ಮೊಗ್ಗು ಕಾಣಿಸುತ್ತದೆ. ಅಕ್ಟೋಬರಿನ ಚಳಿಗೆ ಬಳ್ಳಿಯೇ ಕಪ್ಪಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ಹಗಲಿನ ಉದ್ದಕ್ಕೆ ಕಾಯದ ತಳಿಗಳು. ಊರಲ್ಲಿ ಈಗ ವರ್ಷಪೂರ್ತಿ ಅವರೆಕಾಯಿ ಸಿಗುವುದು ಅಂಥ ತಳಿಗಳಿಂದ. ಆದರೆ ಅವಕ್ಕೂ ಬೆಚ್ಚಗಿನ ಮಣ್ಣು, ಬೆಚ್ಚಗಿನ ರಾತ್ರಿ ಬೇಕು. ಇಲ್ಲಿ ರಾತ್ರಿ ಹತ್ತು ಡಿಗ್ರಿಗೆ ಇಳಿಯುತ್ತದೆ. ಅವರೆಯ ಆಸೆ ನಾನು ಬಿಟ್ಟಿದ್ದೇನೆ. ಅದರ ಜಾಗಕ್ಕೆ ಏನು ಬಂತು ಅಂತ ಕೊನೆಗೆ ತೋರಿಸುತ್ತೇನೆ.

(ದೃಶ್ಯ: ಆಲೂಗಡ್ಡೆ ಸಾಲು, ಬಿಳಿ ಹೂವು. ಕೈ ಮಣ್ಣಿನೊಳಗೆ.)

ಜೂನಿನ ಸಂಭ್ರಮ ಅಂದರೆ ಆಲೂಗಡ್ಡೆ. ಹಾಸನದವಳಾಗಿ ಇದನ್ನು ಹೇಳದೆ ಹೇಗಿರಲಿ? ಇಲ್ಲಿ ಬೇಗ ಬರುವ ತಳಿಗಳಿಗೆ 'ಫಸ್ಟ್ ಅರ್ಲಿ' ಅನ್ನುತ್ತಾರೆ. ಮಾರ್ಚ್ ಕೊನೆಯಲ್ಲಿ ನೆಟ್ಟಿದ್ದು, ಹತ್ತು ಹನ್ನೆರಡು ವಾರಕ್ಕೆ ಬರುತ್ತದೆ. ಹೂ ಬಿಟ್ಟರೆ ನೋಡುವ ಕಾಲ ಬಂತು ಅಂತ. ಗಿಡ ಕೀಳಬೇಡಿ. ಪಕ್ಕದಿಂದ ಕೈ ಹಾಕಿ ಮಣ್ಣು ಬಿಡಿಸಿ. ಬೆರಳಿಗೆ ತಣ್ಣಗೆ, ನುಣ್ಣಗೆ ಸಿಗುತ್ತದೆ. ಇಗೋ, ಕೋಳಿಮೊಟ್ಟೆ ಗಾತ್ರ. ಹೆಬ್ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಹೀಗೆ ಸುರುಳಿ ಬರುತ್ತದೆ. ಇದೇ ಗುರುತು. ಸಿಪ್ಪೆ ಇಷ್ಟು ಎಳೆಯದಿದ್ದರೆ ಕೂಡಿಡಬೇಡಿ, ಇವತ್ತೇ ಬೇಯಿಸಿ.

ಬೇಗ ಕೀಳುವುದಕ್ಕೆ ಇನ್ನೊಂದು ಕಾರಣ ಇದೆ. ಅಂಗಮಾರಿ. ಹಾಸನದ ರೈತರಿಗೆ ಈ ಹೆಸರು ಕೇಳಿದರೆ ಹೊಟ್ಟೆ ಕಲಸುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಂದು ಬರಗಾಲ ತಂದ ರೋಗ ಇದೇ. ಮಲೆನಾಡಿನ ಅಡಿಕೆ ಕೊಳೆರೋಗವೂ ಇದೇ ಕುಲದ್ದು, ಎರಡೂ ಫೈಟೊಫ್ತೊರಾ. ಇಲ್ಲಿ ಅದು ಯಾವಾಗ ಬರಬಹುದು ಅಂತ ಹೇಳಲು ಹಟನ್ ಮಾನದಂಡ ಅಂತ ಇದೆ. ಸತತ ಎರಡು ದಿನ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯದೆ, ಎರಡೂ ದಿನ ಕನಿಷ್ಠ 6 ಗಂಟೆ ಗಾಳಿಯ ತೇವ ಶೇ. 90 ಇದ್ದರೆ ಎಚ್ಚರ ಅಂತ ಅರ್ಥ. ಮನೆತೋಟದವರು ಇಲ್ಲಿ ಬೋರ್ಡೋ ದ್ರಾವಣ ಹೊಡೆಯುವಂತಿಲ್ಲ, ಅನುಮತಿ ಇಲ್ಲ. ಎಲೆಯಲ್ಲಿ ಕಂದು ಮಚ್ಚೆ ಕಂಡರೆ ದಂಟನ್ನು ಬುಡಕ್ಕೆ ಕತ್ತರಿಸಿ ತೆಗೆದು, ಎರಡು ವಾರ ಬಿಟ್ಟು ಗೆಡ್ಡೆ ಕೀಳುವುದೊಂದೇ ದಾರಿ. ಇಲ್ಲಿ ರೋಗದ ಕಾಟ ಜಾಸ್ತಿ ಆಗುವುದು ಜುಲೈಯಿಂದ. ಬೇಗ ಬರುವ ತಳಿ ಹಾಕಿದರೆ ಅಷ್ಟರಲ್ಲಿ ಆಲೂಗಡ್ಡೆ ಮನೆ ಸೇರಿರುತ್ತದೆ. ಮೊದಲ ಸಲ ತೋಟ ಮಾಡುವವರಿಗೆ ನಾನು ಇದನ್ನೇ ಹೇಳುವುದು, ಬೇರೆ ಆಲೂಗಡ್ಡೆಯ ಗೋಜಿಗೇ ಹೋಗಬೇಡಿ.

ಟೊಮೇಟೊ, ಕುಂಬಳ, ಬೀನ್ಸ್ ಇವೆಲ್ಲ ಇಬ್ಬನಿ ಹೆಪ್ಪುಗಟ್ಟುವ ಕಾಲ ಮುಗಿದ ಮೇಲೆ. ಇಲ್ಲಿ ಅದು ಮೇ ಕೊನೆ. ಒಳಗೆ ಬೆಳೆಸಿದ ಸಸಿಯನ್ನು ಒಂದು ವಾರ, ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು ಗಾಳಿಗೆ ಒಗ್ಗಿಸಿ. ಟೊಮೇಟೊದ ಕಂಕುಳ ಕವಲು ಚಿವುಟಿ. ರನ್ನರ್ ಬೀನ್ಸಿಗೆ ಎಂಟಡಿ ಬಿದಿರು ಗಳ ನೆಟ್ಟು ಮೇಲೆ ಕಟ್ಟಿ. ಕೋಸಿಗೆ ಬಲೆ ಹಾಕದಿದ್ದರೆ ಪಾರಿವಾಳಕ್ಕೆ ಊಟ.

(ದೃಶ್ಯ: ಟಾರ್ಚ್ ಬೆಳಕಿನಲ್ಲಿ ಬೀನ್ಸ್ ಸಸಿ, ಎಲೆ ಮೇಲೆ ಹೊಳೆಯುವ ಜಾಡು.)

ಚಿಪ್ಪಿಲ್ಲದ ಬಸವನಹುಳು. ಒಂದೇ ರಾತ್ರಿಗೆ ಹನ್ನೆರಡು ಬೀನ್ಸ್ ಸಸಿ ಹೋದವು, ಬರೀ ಕಡ್ಡಿ ಉಳಿದಿತ್ತು. ಇವನ್ನು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಇಲ್ಲಿ 2022ರಿಂದ ನಿಷೇಧಿಸಿದ್ದಾರೆ. ಹಕ್ಕಿಗೂ ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್‌ಗೂ ಅದು ವಿಷ, ನಿಷೇಧ ಸರಿಯೇ. ನಾನು ಸಂಜೆಯ ಬದಲು ಬೆಳಗ್ಗೆ ನೀರು ಹಾಕುತ್ತೇನೆ. ರಾತ್ರಿ ಮಣ್ಣಿನ ಮೇಲ್ಮೈ ಒಣಗಿದ್ದರೆ ಅವು ಹರಿದಾಡುವುದು ಕಡಿಮೆ. ಹತ್ತೂವರೆಗೆ ಟಾರ್ಚ್ ಹಿಡಿದು ಆರಿಸುವುದಂತೂ ಇದ್ದೇ ಇದೆ.

(ದೃಶ್ಯ: ಹುಲ್ಲು ಹಾಸಿದ ಸ್ಟ್ರಾಬೆರಿ ಮಡಿ, ಗೂಸ್‌ಬೆರಿ ಪೊದೆ.)

ಹಣ್ಣಿಗೆ ಬನ್ನಿ. ಸ್ಟ್ರಾಬೆರಿ ಕೆಳಗೆ ಒಣಹುಲ್ಲು ಹಾಸಿ, ಹಣ್ಣು ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಗೂಸ್‌ಬೆರಿ ನಮ್ಮ ನೆಲ್ಲಿಕಾಯಿ ಅಲ್ಲ, ಬೇರೆಯೇ ಗಿಡ, ಮುಳ್ಳು ಜಾಸ್ತಿ. ಜೂನಿನಲ್ಲಿ ಒಂದು ಬಿಟ್ಟು ಒಂದು ಕಾಯಿ ಕಿತ್ತುಬಿಡಿ. ಉಳಿದವು ದಪ್ಪ ಆಗಿ ಸಿಹಿ ಆಗುತ್ತವೆ. ಕಿತ್ತ ಹುಳಿ ಕಾಯಿಗೆ ಬೆಲ್ಲ, ಮೆಣಸಿನಕಾಯಿ, ಸಾಸಿವೆ ಹಾಕಿ ಗೊಜ್ಜು ಮಾಡಿ. ರೂಬಾರ್ಬ್ ದಂಟು ಪುಂಡಿ ಸೊಪ್ಪಿನಷ್ಟೇ ಹುಳಿ. ಹುಣಸೆಹಣ್ಣಿನ ಬದಲು ಬೇಳೆಗೆ ಹಾಕುತ್ತೇನೆ. ಅದರ ಎಲೆ ಮಾತ್ರ ವಿಷ, ಕತ್ತರಿಸಿ ಎಸೆಯಲೇಬೇಕು.

ಪಕ್ಕದ ಪ್ಲಾಟಿನ ಅಜ್ಜ ಶತಾವರಿ ಜಾತಿಯ ಆಸ್ಪರಾಗಸ್ ಬೆಳೆಯುತ್ತಾರೆ. ಜೂನ್ 21 ಆದ ಮೇಲೆ ಅವರು ಒಂದು ಕುಡಿಯನ್ನೂ ಕೊಯ್ಯುವುದಿಲ್ಲ. ಅಲ್ಲಿಂದ ಮುಂದಿನ ಬೆಳಕೆಲ್ಲ ಬೇರಿಗೆ ಸೇರಬೇಕು, ಮುಂದಿನ ವರ್ಷದ ಕುಡಿಗೆ. ಇಲ್ಲಿ ಹಳಬರು ಬೆಳಕನ್ನು ಹೀಗೆ ಲೆಕ್ಕ ಇಡುತ್ತಾರೆ.

(ದೃಶ್ಯ: ಅಡುಗೆಮನೆ. ಪಾತ್ರೆಯಲ್ಲಿ ಬ್ರಾಡ್ ಬೀನ್ಸ್ ಕಾಳು.)

ಅವರೆಯ ಜಾಗಕ್ಕೆ ಬಂದದ್ದು ಇದು, ಬ್ರಾಡ್ ಬೀನ್ಸ್. ಚಳಿಗೆ ಹೆದರುವುದಿಲ್ಲ. ನವೆಂಬರಿನಲ್ಲಿ ಹಾಕಿದೆ, ಹಿಮದಲ್ಲಿ ನಿಂತಿತು, ಹಗಲು ಉದ್ದವಾಗುತ್ತಿದ್ದಂತೆ ಸೊಂಟದೆತ್ತರ ಬಂತು. ಬುಡದಲ್ಲಿ ಕಾಯಿ ಕಂಡ ತಕ್ಷಣ ತುದಿ ಚಿವುಟಿ. ಕಪ್ಪು ಹೇನು ಮುತ್ತುವುದು ಆ ಎಳೆ ತುದಿಗೇ. ಹೇನಿಲ್ಲದ ಕುಡಿ ಪಲ್ಯಕ್ಕೆ ಚೆನ್ನ. ಜಿ6ಪಿಡಿ ಅನ್ನುವ ಕಿಣ್ವದ ಹುಟ್ಟು ಕೊರತೆ ಇರುವವರು ಮಾತ್ರ ಈ ಕಾಳು ತಿನ್ನಬಾರದು, ಅವರಿಗೆ ರಕ್ತಕ್ಕೆ ತೊಂದರೆ.

ಕಾಯಿ ಬಿಡಿಸಿದರೆ ಒಳಗೆ ಬಿಳಿ ಹತ್ತಿಯಂಥ ಹಾಸಿಗೆ. ಕಾಳನ್ನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ತಣ್ಣೀರಿಗೆ ತೆಗೆಯಿರಿ. ಈಗ ನೋಡಿ, ಎರಡು ಬೆರಳಲ್ಲಿ ಹೀಗೆ ಹಿದುಕಿದರೆ ಬೂದು ಸಿಪ್ಪೆಯಿಂದ ಹಸಿರು ಬೇಳೆ ಪುಳಕ್ ಅಂತ ಹೊರಗೆ. ಡಿಸೆಂಬರ್ ರಾತ್ರಿ ಅಮ್ಮ, ಅತ್ತೆ ಎಲ್ಲ ಸುತ್ತ ಕೂತು ಹಿದುಕುತ್ತಿದ್ದ ಅದೇ ಬೆರಳಿನ ಕೆಲಸ. ತೆಂಗಿನಕಾಯಿ, ಗಸಗಸೆ, ಚಕ್ಕೆ, ಲವಂಗ ರುಬ್ಬಿ ಹಿದುಕಿದ ಬೇಳೆ ಸಾರು ಮಾಡಿದೆ.

ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಸೊಗಡು ಇದೆಯೇನೇ?"

"ಸೊಗಡಿಲ್ಲಮ್ಮ. ಹುಲ್ಲು ಕೊಯ್ದ ಹಾಗೆ ಒಂದು ಹಸಿ ವಾಸನೆ ಇದೆ."

"ಹಾಗಿದ್ರೆ ಇನ್ನೊಂದು ಹಿಡಿ ಕೊತ್ತಂಬರಿ ಹಾಕು" ಅಂದರು.

ನೆರಳಿನ ಸಾಲಿನಿಂದ ಕಿತ್ತು ತಂದು ಹಾಕಿದೆ.