ಕರೆಂಟ್ ಹೋದರೂ ಬಿಡದ ಅಯಸ್ಕಾಂತ

(ದೃಶ್ಯ: ತುಮಕೂರಿನ ಬಿ.ಎಚ್. ರಸ್ತೆಯ ಸಂಚಾರ. ಬಳಿಕ ಎಂಆರ್‌ಐ ಕೋಣೆಯ ಬಾಗಿಲು, ಎಚ್ಚರಿಕೆ ಫಲಕ.)

ನಿರೂಪಣೆ: ತುಮಕೂರಿನಲ್ಲಿ ಕರೆಂಟ್ ಹೋಗುವುದು ಸುದ್ದಿಯೇನಲ್ಲ. ಆದರೆ ಸ್ಕ್ಯಾನಿಂಗ್ ಸೆಂಟರಿನಲ್ಲಿ ದೀಪ ಆರಿದಾಗ, ‘ಯಂತ್ರ ನಿಂತಿದೆ, ಒಳಗೆ ನೆಲ ಒರೆಸಿಬಿಡೋಣ’ ಎಂದು ಕಬ್ಬಿಣದ ಬಕೆಟ್ ಹಿಡಿದು ಎಂಆರ್‌ಐ ಕೋಣೆಗೆ ನುಗ್ಗಬೇಡಿ. ಎಂಆರ್‌ಐ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ. ಅದರ ತಂತಿ ಸುರುಳಿಗಳು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತವೆ. ಆ ಶೀತದಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಇಲ್ಲ. ಒಮ್ಮೆ ಹರಿಸಿದ್ದು ಸುತ್ತುತ್ತಲೇ ಇರುತ್ತದೆ. ಬೆಸ್ಕಾಂ ಕೈಕೊಟ್ಟರೂ ಅಯಸ್ಕಾಂತ ಕೈಕೊಡುವುದಿಲ್ಲ.

(ದೃಶ್ಯ: ಯಂತ್ರದತ್ತ ಸೆಳೆಯಲ್ಪಡುವ ಸಿಲಿಂಡರ್, ಅನಿಮೇಷನ್.)

ಕಾಂತಕ್ಷೇತ್ರದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. 1.5 ಟೆಸ್ಲಾ ಯಂತ್ರದ ಬಲ ನಮ್ಮ ಭಾಗದ ಭೂಕಾಂತಕ್ಷೇತ್ರದ 35,000 ಪಟ್ಟಿಗಿಂತ ಹೆಚ್ಚು. 2018ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋಗಿ ಪ್ರಾಣ ಕಳೆದುಕೊಂಡರು.

ಇನ್ನು ದಿನವೂ ಅಲ್ಲೇ ದುಡಿಯುವವರ ಮಾತು. ರೋಗಿ ಮಲಗುವ ಕೊಳವೆಯ ಬಾಯಿಯ ಬಳಿ ತಲೆಯನ್ನು ಸರಕ್ಕನೆ ತಿರುಗಿಸಿದರೆ ತಲೆಸುತ್ತು, ಓಕರಿಕೆ, ಬಾಯಲ್ಲಿ ಲೋಹದ ರುಚಿ ಕಾಣಿಸಬಹುದು. ಸಮತೋಲ ಕಾಯುವ ಒಳಗಿವಿಯ ದ್ರವದ ಮೇಲೆ ಕಾಂತಕ್ಷೇತ್ರದ ಒತ್ತಡ ಬೀಳುತ್ತದೆ. ಚಲನೆಯಿಂದ ದೇಹದಲ್ಲಿ ಸಣ್ಣ ವಿದ್ಯುತ್ ಪ್ರವಾಹವೂ ಹುಟ್ಟುತ್ತದೆ. ದೂರ ಸರಿದರೆ ಕಡಿಮೆಯಾಗುತ್ತದೆ. ಆದ್ದರಿಂದ ರೋಗಿಯನ್ನು ಮಲಗಿಸುವಾಗ ನಿಧಾನವಾಗಿ ಬಾಗಿ, ಕೆಲಸ ಮುಗಿದೊಡನೆ ಹಿಂದೆ ಸರಿಯಿರಿ. ಅಯಾನೀಕರಣ ರಹಿತ ವಿಕಿರಣದ ಅಂತರರಾಷ್ಟ್ರೀಯ ಆಯೋಗದ 2009ರ ಮಾರ್ಗಸೂಚಿಯಲ್ಲಿ ಉದ್ಯೋಗಿಗಳ ತಲೆ, ಮುಂಡಕ್ಕೆ 2 ಟೆಸ್ಲಾ, ಕೈಕಾಲುಗಳಿಗೆ 8 ಟೆಸ್ಲಾ ಮಿತಿ ಇದೆ. 3 ಟೆಸ್ಲಾ ಯಂತ್ರದ ಕೊಳವೆಯೊಳಗೆ ತಲೆ ತೂರಿಸಿದರೆ ಮೊದಲನೆಯದನ್ನು ದಾಟಿದಂತೆ.

‘ಎಕ್ಸ್‌-ರೇ ಕೋಣೆಯವರಿಗೆ ಟಿಎಲ್‌ಡಿ ಬ್ಯಾಡ್ಜ್ ಇದೆ, ನಮಗೇಕಿಲ್ಲ?’ ಎಂದು ಕೇಳುವವರುಂಟು. ಆ ಬ್ಯಾಡ್ಜ್ ಅಳೆಯುವುದು ಮೈಗೆ ತಾಗಿದ ಎಕ್ಸ್‌-ರೇಯಂಥ ವಿಕಿರಣವನ್ನು. ಆ ಬಗೆಯದು ಎಂಆರ್‌ಐಯಲ್ಲಿ ಇಲ್ಲವೇ ಇಲ್ಲ.

ನನ್ನ ತಕರಾರು ಬೇರೆ. ತಂತ್ರಜ್ಞರಿಗೆ ಇದೆಲ್ಲ ಪಾಠವಾಗಿರುತ್ತದೆ. ಗುತ್ತಿಗೆಯಲ್ಲಿ ನಿನ್ನೆ ಸೇರಿದ ಆಯಾಗೆ, ರಾತ್ರಿ ಪಾಳಿಯ ಕಾವಲುಗಾರನಿಗೆ ಯಾರು ಹೇಳಿದ್ದಾರೆ? ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಕೇಳಬೇಕು.

(ದೃಶ್ಯ: ಬಾಗಿಲಾಚೆ ನಿಂತ ತುರ್ತು ಚಿಕಿತ್ಸೆಯ ಟ್ರಾಲಿ.)

ಒಳಗೆ ರೋಗಿಯ ಹೃದಯ ನಿಂತರೂ ಈ ಟ್ರಾಲಿ ಒಳಗೆ ಹೋಗಬಾರದು. ಎದೆ ಒತ್ತುವುದನ್ನು ಶುರುಮಾಡಿ, ರೋಗಿಯನ್ನೇ ಬೇಗ ಹೊರಗೆ ತನ್ನಿ. ಅಷ್ಟು ಹೊತ್ತೂ ಒಬ್ಬರು ಬಾಗಿಲಲ್ಲೇ ನಿಂತು, ಸಹಾಯಕ್ಕೆ ಓಡಿಬರುವವರನ್ನು ತಡೆಯಬೇಕು.