ಹೋದವರು ತಮ್ಮ ಕಾಲ ಮೇಲೆ ಹೋಗಿರುತ್ತಾರೆ

ಎಲ್ಲರಿಗೂ ನಮಸ್ಕಾರ. ಮದುವೆ ಹಾಳು ಮಾಡಿದ ಮೂರನೆಯವರ ಮೇಲೆ ದಾವೆ ಹಾಕಿ ಪರಿಹಾರ ಕೇಳಬಹುದಾ? 2025ರಲ್ಲಿ ದೆಹಲಿ ಹೈಕೋರ್ಟು ಇಂಥ ಒಂದು ದಾವೆಯಲ್ಲಿ ಸಮನ್ಸ್ ಕೊಟ್ಟ ಮೇಲೆ ಈ ಪ್ರಶ್ನೆ ಮತ್ತೆ ಎದ್ದಿದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಈ ಹಕ್ಕು ಬೇಡ. ಸಂಗಾತಿ ಬಿಟ್ಟುಹೋಗಿ ಹಿಂದೆ ಉಳಿದವರ ನೋವು ನಿಜ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಹೋದವರು ತಮ್ಮ ಕಾಲ ಮೇಲೆ ಹೋಗಿರುತ್ತಾರೆ. ಯಾರೂ ಅವರನ್ನು ಹೊತ್ತುಕೊಂಡು ಹೋಗಿರುವುದಿಲ್ಲ.

1836ರ ಲಂಡನ್ ನೋಡಿ. ಜಾರ್ಜ್ ನಾರ್ಟನ್ ಎಂಬಾತ ತನ್ನ ಹೆಂಡತಿ ಕ್ಯಾರೊಲಿನ್ ಜೊತೆ ಸಂಬಂಧ ಇಟ್ಟುಕೊಂಡಿದ್ದಾರೆ ಅಂತ ಲಾರ್ಡ್ ಮೆಲ್ಬರ್ನ್ ಮೇಲೆ ಹತ್ತು ಸಾವಿರ ಪೌಂಡಿಗೆ ದಾವೆ ಹಾಕಿದ. ಮೆಲ್ಬರ್ನ್ ಆಗ ದೇಶದ ಪ್ರಧಾನಿ! ಮನೆಯ ಹಳೇ ಆಳುಗಳು ಬಂದು ಏನೇನು ಕಂಡೆವು ಅಂತ ತುಂಬಿದ ಕೋರ್ಟಿನಲ್ಲಿ ಹೇಳಿದರು. ವಕೀಲರು ಮಾತಾಡಿದರು, ಪತ್ರಿಕೆಗಳು ಬರೆದವು, ಕ್ಯಾರೊಲಿನ್ ಮಾತ್ರ ಬಾಯಿ ಬಿಡುವ ಹಾಗಿರಲಿಲ್ಲ, ಯಾಕೆಂದರೆ ಆಕೆ ಆ ಕೇಸಿನಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಸಾಕ್ಷಿ ಹೇಳುವ ಅವಕಾಶವೂ ಇರಲಿಲ್ಲ. ಜಾರ್ಜ್ ಸೋತ. ಆದರೂ ಆಕೆಯ ಹೆಸರು ಹಾಳಾಯಿತು, ಮೂವರು ಗಂಡುಮಕ್ಕಳು ಗಂಡನ ಕೈಯಲ್ಲೇ ಉಳಿದರು. ಆಕೆ ಸುಮ್ನೆ ಕೂರಲಿಲ್ಲ ಅನ್ನಿ, ಬರೆದು ಬರೆದು ಕಾನೂನನ್ನೇ ಅಲ್ಲಾಡಿಸಿದರು. 1839ರಲ್ಲಿ ತಾಯಂದಿರಿಗೆ ಸಣ್ಣ ಮಕ್ಕಳನ್ನು ತಮ್ಮ ಬಳಿ ಇಟ್ಟುಕೊಳ್ಳಲು ಕೋರ್ಟಿಗೆ ಅರ್ಜಿ ಹಾಕುವ ದಾರಿ ಸಿಕ್ಕಿದ್ದರ ಹಿಂದೆ ಆಕೆಯ ಹೋರಾಟ ಇದೆ. ಈ ಹೆಣ್ಣುಮಗಳ ಬಗ್ಗೆ ಇಡೀ ದಿನ ಮಾತಾಡಬಹುದು, ಇರಲಿ.

ಈಗ ಕಾಲ ಬದಲಾಗಿದೆ, ಹೆಂಡತಿಯೂ ದಾವೆ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಹೌದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇವತ್ತಿಗೂ ಗಂಡ ಹೆಂಡತಿ ಇಬ್ಬರಿಗೂ ಈ ಹಕ್ಕಿದೆ. ಅಲ್ಲಿ ದಾವೆ ಗೆಲ್ಲಬೇಕಾದರೆ ದಂಪತಿಯ ನಡುವೆ ನಿಜವಾದ ಪ್ರೀತಿ ಇತ್ತು, ಅದು ಹಾಳಾಯಿತು, ಹಾಳಾಗಲು ಆ ಮೂರನೆಯವರೇ ಕಾರಣ ಅಂತ ತೋರಿಸಬೇಕು. ಒಂದು ಕಡೆಯವರು ನಗುವ ಫೋಟೊ, ಹಳೇ ಮೆಸೇಜು ತೆಗೆದು ಇಡುತ್ತಾರೆ. ಇನ್ನೊಂದು ಕಡೆಯವರು ಯಾವ ಜಗಳ ಯಾವಾಗ ಆಯಿತು, ಯಾರು ಯಾವ ಕೋಣೆಯಲ್ಲಿ ಮಲಗುತ್ತಿದ್ದರು ಅಂತ ಕೆದಕುತ್ತಾರೆ. ಮಕ್ಕಳು ಇದನ್ನೆಲ್ಲ ಮುಂದೊಂದು ದಿನ ಓದುತ್ತಾರೆ, ಅಲ್ವಾ? ಇಷ್ಟೆಲ್ಲ ಆದ ಮೇಲೂ ಮಾತು ಕೊಟ್ಟು ತಪ್ಪಿದವರ ಮೇಲೆ ಹೊಣೆ ಬೀಳುವುದಿಲ್ಲ, ಹೊರಗಿನವರ ಮೇಲೆ ಬೀಳುತ್ತದೆ. ಮತ್ತೆ ಅದೇ ಹೇಳುತ್ತೇನೆ, ಹೋದವರು ತಮ್ಮ ಕಾಲ ಮೇಲೆ ಹೋಗಿರುತ್ತಾರೆ.

ಇನ್ನೊಂದು ತೊಂದರೆ ಬೆದರಿಕೆ. ಕೋರ್ಟಿಗೆ ಹೋದರೆ ಮಾನ ಹೋಗುತ್ತದೆ ಅಂತ ಹೆದರಿಸಿ ದುಡ್ಡು ಕೀಳುವುದು ಜಾಸ್ತಿಯಾಗಿದ್ದೂ ಒಂದು ಕಾರಣ, 1935ರಿಂದ ಇಂಡಿಯಾನಾ ಮೊದಲಾಗಿ ಅಮೆರಿಕದ ರಾಜ್ಯಗಳು ಈ ಹಕ್ಕನ್ನು ಒಂದೊಂದಾಗಿ ತೆಗೆದುಹಾಕಿದವು. ಇಂಗ್ಲೆಂಡಿನಲ್ಲಿ 1970ರ ಕಾಯ್ದೆ ಇದನ್ನು ಕೊನೆಗಾಣಿಸಿತು.

ಟೈಮ್ ಆಯಿತು ಅಂತ ಚೀಟಿ ಬಂದಿದೆ. ಇನ್ನೊಬ್ಬರ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಜೈಲು ಅನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಒಂದೇ ಮಾತು: ಹೆಂಡತಿಯನ್ನು ಗಂಡನ ಸ್ವತ್ತಿನಂತೆ ನೋಡುತ್ತದೆ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ರದ್ದು ಮಾಡಿತು. ಜೈಲಿನ ಬಾಗಿಲು ಮುಚ್ಚಿ ಪರಿಹಾರದ ಬಾಗಿಲು ತೆರೆದರೆ ಅದೇ ಯೋಚನೆ ಒಳಗೆ ಬರುತ್ತದೆ, ಈ ಸಲ ಗಂಡನನ್ನೂ ಸ್ವತ್ತು ಮಾಡಿಕೊಂಡು. ಮೂರನೆಯವರು ಸುಳ್ಳು ಹಬ್ಬಿಸಿದ್ದರೆ, ಮೋಸ ಮಾಡಿದ್ದರೆ ಅದಕ್ಕೆ ಬೇರೆ ಕಾನೂನಿದೆ, ಹಾಕಿ. ಬಿಟ್ಟುಹೋದವರಿಂದ ಬರಬೇಕಾದ ಜೀವನಾಂಶ, ಮಕ್ಕಳ ಖರ್ಚು ಬೇಗ ಸಿಗುವ ಹಾಗೆ ಮಾಡೋಣ, ನಮ್ಮ ಶ್ರಮ ಅಲ್ಲಿ ಬೇಕು. ಇಲ್ಲಿ ವಕೀಲರು ತುಂಬಾ ಜನ ಇದ್ದೀರಿ, ಒಪ್ಪದವರು ಮೊದಲು ಪ್ರಶ್ನೆ ಕೇಳಿ.