ಹಿರಿಯೂರಿನ ಆಕಾಶ ಬಳಗ: ಮೊದಲ ಎರಡು ರಾತ್ರಿ

ನಮಸ್ಕಾರ ಎಲ್ಲರಿಗೂ. ಹಿಂದಿನ ಸೀಟಿನಲ್ಲಿ ಬೆಡ್‌ಶೀಟ್ ಸುತ್ತಿ ಮಲಗಿಸಿದ್ದೇವಲ್ಲ, ಅದು ನಮ್ಮ ಹೊಸ ಟೆಲಿಸ್ಕೋಪ್. ಆರು ಇಂಚು ಅಗಲದ ಕನ್ನಡಿ ಇರುವ ಡಾಬ್ಸೋನಿಯನ್, ಅಂದರೆ ನೆಲದ ಮೇಲಿಟ್ಟು ಕೈಯಲ್ಲೇ ತಿರುಗಿಸುವ ಬಗೆ. ಹೋದ ವಿಡಿಯೋದಲ್ಲಿ ನಾನೇ ಹೇಳಿದ್ದೆ, ಬಳಗ ಶುರು ಮಾಡೋಕೆ ಟೆಲಿಸ್ಕೋಪ್ ಬೇಡವೇ ಬೇಡ, 10x50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಮಸೂರದ್ದು) ಸಾಕು ಅಂತ. ಆ ಮಾತು ವಾಪಸ್ ತಗೊಳ್ಳುತ್ತಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಹೋದ ಶನಿವಾರದ ಕಥೆ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ.

ಅದು ನಮ್ಮ ಮೊದಲ ಸಭೆ. ಊರೊಳಗಿನ ಒಂದು ಮೈದಾನ ಹಿಡಿದಿದ್ದೆವು. ಬಸ್ ಸ್ಟ್ಯಾಂಡಿನಿಂದ ನಡೆದು ಬರಬಹುದು, ಮಕ್ಕಳನ್ನು ಕಳಿಸೋಕೂ ಮನೆಯವರಿಗೆ ಭಯ ಇರಲ್ಲ. ಒಂದೇ ತೊಂದರೆ, ಅದರ ಮಧ್ಯದಲ್ಲಿರುವ ಹೈಮಾಸ್ಟ್ ದೀಪ. ಎಂಟು ದೀಪಗಳ ಗೊಂಚಲು. ಕೆಳಗೆ ನಿಂತು ಪೇಪರ್ ಓದಬಹುದು. ಅದನ್ನು ಎರಡು ಗಂಟೆ ಆರಿಸಿಕೊಡಿ ಅಂತ ಅರ್ಜಿ ಬರೆದೆ. ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ಎರಡನೇ ಸಲ ಹೋದಾಗ "ಸಾಹೇಬರು ಮೀಟಿಂಗಲ್ಲಿದ್ದಾರೆ" ಅಂದರು. ಮೂರನೇ ಸಲ "ಆಯ್ತು, ಹೇಳ್ತೀವಿ ಹೋಗಿ" ಅಂದರು. ನಂಬಿದೆ.

ಸಂಜೆ ಏಳಕ್ಕೆ ಇಪ್ಪತ್ತಮೂರು ಜನ ಬಂದರು. ಎಣಿಸಿದ್ದೇನೆ. ದೀಪ ಝಗಝಗ ಉರಿಯುತ್ತಿದೆ. ಫೋನ್ ಮಾಡಿದರೆ ಟೈಮರ್ ಇದೆ ಅಂತಾರೆ, ಟೈಮರ್ ಇರೋದು ಕಂಬದ ಬುಡದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ಬೀಗದ ಕೈ ಇರುವವರು ಮದುವೆಗೆ ಅಂತ ದಾವಣಗೆರೆಗೆ ಹೋಗಿದ್ದಾರೆ! ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಜೋರು ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿಂದ ಕಾಯಬೇಕು. ಅಲ್ಲಿ ಕಾಯುವ ಮಾತೇ ಇರಲಿಲ್ಲ. ಕಟ್ಟಡದ ಹಿಂದಿನ ನೆರಳಿಗೆ ಹೋಗಿ ಗುರು ಗ್ರಹ ತೋರಿಸಿದೆ. ಒಬ್ಬ ಹುಡುಗಿ, ಏಳನೇ ಕ್ಲಾಸ್ ಇರಬಹುದು, "ಅಣ್ಣಾ, ಬರೀ ಚುಕ್ಕಿ ಅಲ್ವಾ ಇದು?" ಅಂದಳು. ಬೈನಾಕ್ಯುಲರ್ ಕೊಟ್ಟೆ. ಅವಳ ಕೈ ಅಲ್ಲಾಡುತ್ತಿತ್ತು, ಗುರುವಿನ ಚಂದ್ರರು ಕಾಣಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು. ಟೆಲಿಸ್ಕೋಪ್ ಬೇಕೇ ಬೇಕು ಅನ್ನಿಸಿದ್ದು ಆವಾಗಲೇ.

ಎಂಟೂವರೆಗೆ ಉಳಿದವರು ಆರು ಜನ. ಆ ಆರು ಜನರೇ ಈಗ ಬಳಗ. ಅದರಲ್ಲಿ ಒಬ್ಬರು ಗಣಿತದ ಮೇಷ್ಟ್ರು, ಒಬ್ಬರು ಮೊಬೈಲ್ ರಿಪೇರಿ ಅಂಗಡಿಯವರು. ಎಲ್ಲರೂ ದುಡ್ಡು ಹಾಕಿದರು, ಸೆಕೆಂಡ್ ಹ್ಯಾಂಡ್‌ನಲ್ಲಿ 17,000 ರೂಪಾಯಿಗೆ ಇದು ಸಿಕ್ಕಿತು. ಒಂದು ಮಾತು ನೇರವಾಗಿ ಹೇಳುತ್ತೇನೆ. ಆನ್‌ಲೈನ್‌ನಲ್ಲಿ "525 ಪಟ್ಟು ದೊಡ್ಡದು ಮಾಡುತ್ತೆ" ಅಂತ ಮೂರು ಸಾವಿರಕ್ಕೆ ಸಿಗುತ್ತಲ್ಲ, ತಗೋಬೇಡಿ. ಮಸೂರ ಎಷ್ಟು ಮಿಲಿಮೀಟರ್ ಅಗಲವೋ ಅದರ ಎರಡರಷ್ಟು ಪಟ್ಟು ಮೇಲೆ ಹೋದರೆ ಬರೀ ಮಸುಕು. 50 ಮಿಲಿಮೀಟರಿಗೆ 100 ಪಟ್ಟು, ಅಷ್ಟೇ.

ಈಗ ಎರಡನೇ ರಾತ್ರಿಗೆ ಒಂದು ಹೊಲಕ್ಕೆ ಹೊರಟಿದ್ದೇವೆ. ಎಡಗಡೆ ನೋಡಿ, ನೀರು ಹೊಳೆಯುತ್ತಿದೆ. ವಾಣಿ ವಿಲಾಸ ಸಾಗರ. ನಮ್ಮ ಕಡೆಯವರಿಗೆ ಇದು ಮಾರಿಕಣಿವೆ. ವೇದಾವತಿಗೆ ಎರಡು ಗುಡ್ಡದ ನಡುವೆ ಕಟ್ಟಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ನಮ್ಮಜ್ಜಿ ಕೋಡಿ ನೋಡಬೇಕು ಅಂತ ಜೀವ ಹಿಡಿದುಕೊಂಡಿದ್ದರು. ಆ ದಿನ ನಾನೇ ಗಾಡಿಯಲ್ಲಿ ಕರಕೊಂಡು ಬಂದಿದ್ದೆ, ಇದೇ ತಿರುವಿನಲ್ಲಿ ಇಳಿಸಿ... ಇರಿ, ಹೊಲ ಬಂತು. ಲೈಟ್ ಆಫ್ ಮಾಡಬೇಕು.

ಜೋಡಿಸೋದು ನೀವೇ ನೋಡುತ್ತಿದ್ದೀರಿ. ಟಾರ್ಚಿಗೆ ಕಟ್ಟಿರೋದು ಗಿಫ್ಟ್ ಪ್ಯಾಕಿಗೆ ಹಾಕುವ ಕೆಂಪು ಹಾಳೆ, ಮೂರು ಪದರ, ರಬ್ಬರ್ ಬ್ಯಾಂಡ್. ಮಂದ ಕೆಂಪು ಬೆಳಕು ಕಣ್ಣಿಗೆ ಅಷ್ಟು ಹೊಡೆಯಲ್ಲ. ವಿಡಿಯೋ ಪೂರ್ತಿ ಕೆಂಪಗೆ ಬಂದಿದೆ, ಸಹಿಸಿಕೊಳ್ಳಿ.

ನಾಳೆ ಅಮಾವಾಸ್ಯೆ. ನಮಗೆ ಅತ್ಯಂತ ಒಳ್ಳೆ ಕತ್ತಲು, ಆದರೆ ಆ ರಾತ್ರಿ ಮಕ್ಕಳನ್ನು ಹೊಲಕ್ಕೆ ಯಾರು ಕಳಿಸುತ್ತಾರೆ? ಅದಕ್ಕೇ ಹಿಂದಿನ ದಿನವೇ ಬಂದಿದ್ದೇವೆ. ಆ ಹುಡುಗಿ ಅಪ್ಪನ ಜೊತೆ ಬಂದಿದ್ದಾಳೆ. 25 ಮಿಲಿಮೀಟರ್ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಹಾಕಿ ಗುರುವಿಗೆ ತಿರುಗಿಸಿದೆ. ಕಣ್ಣಿಟ್ಟಳು. ಮಾತಿಲ್ಲ. ಆಮೇಲೆ ನಿಧಾನಕ್ಕೆ "ಒಂದು, ಎರಡು, ಮೂರು... ನಾಲ್ಕು" ಅಂತ ಎಣಿಸಿದಳು. ಗೆಲಿಲಿಯೋ 1610ರಲ್ಲಿ ಕಂಡದ್ದು ಇದೇ ನಾಲ್ಕು ಚಂದ್ರರನ್ನು.

ಹೊಲದ ಯಜಮಾನರು ಒಬ್ಬ ಅಜ್ಜ. ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದರು. ನಾನು ಮಕ್ಕಳಿಗೆ ನೆತ್ತಿಯ ಹತ್ತಿರ ಕೃತ್ತಿಕೆ, ಅದರ ಪಕ್ಕ ಕೆಂಪಗೆ ರೋಹಿಣಿ ಅಂತ ತೋರಿಸುತ್ತಿದ್ದೆ. ಅವರು ಹತ್ತಿರ ಬಂದು, "ಯಾವ ರೋಹಿಣಿನಪ್ಪಾ? ರೋಹಿಣಿ ಮಳೆ ಅಂತೀವಲ್ಲ, ಅದೇನಾ?" ಅಂದರು.

ಅದೇ ಅಜ್ಜಾ, ಅದೇ.

"ಎಪ್ಪತ್ತು ವರ್ಷ ಹೆಸರು ಹೇಳಿದೀನಿ. ಮುಖ ಇವತ್ತು ನೋಡ್ದೆ."

ಯೋಚನೆ ಮಾಡಿ. ಮೇ ಕೊನೆಗೆ ರೋಹಿಣಿ ಮಳೆ ಶುರುವಾಗೋದು ಸೂರ್ಯ ಆ ನಕ್ಷತ್ರದ ಹತ್ತಿರ ಇದ್ದಾಗ. ಅಂದರೆ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ. ಮಳೆ ಬರುವ ದಿನಗಳಲ್ಲಿ ಆ ಮಳೆಯ ನಕ್ಷತ್ರ ಯಾರಿಗೂ ಕಾಣಲ್ಲ! ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದಕ್ಕೆ ಹದಿಮೂರೂವರೆ ದಿನ. ಅದೇ ಒಂದು ಮಳೆಯ ಲೆಕ್ಕ. ಅಜ್ಜ ಬೆರಳು ಮಡಚುತ್ತಾ ಹೇಳುತ್ತಾ ಹೋದರು, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು. ನಾನು ನೆತ್ತಿಯಿಂದ ಪೂರ್ವಕ್ಕೆ ಒಂದೊಂದನ್ನೇ ತೋರಿಸುತ್ತಾ ಬಂದೆ. ಅವರ ಬಾಯಲ್ಲಿದ್ದ ಕ್ರಮವೇ ಆಕಾಶದಲ್ಲೂ ಇತ್ತು. ನನಗೆ ಗಂಟಲು ಕಟ್ಟಿತು.

ಪುಸ್ತಕದಿಂದ ಇಂಗ್ಲಿಷ್ ಹೆಸರು ಬಾಯಿಪಾಠ ಮಾಡಿಸಬೇಕು ಅಂತ ಚಾರ್ಟ್ ಬರೆದಿಟ್ಟಿದ್ದೆ. ಅದನ್ನು ಸದ್ಯಕ್ಕೆ ಎತ್ತಿಡುತ್ತೇನೆ. ನಮ್ಮೂರಲ್ಲಿ ಮಳೆ ಲೆಕ್ಕದಿಂದಲೇ ಶುರು ಮಾಡೋಣ ಅಂತ ಮೇಷ್ಟ್ರೂ ಒಪ್ಪಿದರು.

ಅಯ್ಯೋ, ಬ್ಯಾಟರಿ ಕೆಂಪು ತೋರಿಸುತ್ತಿದೆ. ಮುಂದಿನ ಸಭೆ ಅಷ್ಟಮಿಯ ಹೊತ್ತಿಗೆ. ಅರ್ಧ ಚಂದ್ರನಲ್ಲಿ ಬೆಳಕು ಓರೆಯಾಗಿ ಬೀಳುತ್ತೆ, ಕುಳಿಗಳ ನೆರಳು ಚೆನ್ನಾಗಿ ಕಾಣುತ್ತೆ. ಹೆಚ್ಚು ಜನ ಬಂದರೂ ಎಲ್ಲರಿಗೂ ಬೇಗ ತೋರಿಸಬಹುದು. ದೀಪ ಇದ್ದರೂ ಪರವಾಗಿಲ್ಲ, ಊರೊಳಗೇ ಮಾಡುತ್ತೇವೆ.

ಇದು ಕೊನೆಯ ಶಾಟ್. ಅಜ್ಜ "ಮಘೆ ಎಲ್ಲೈತೆ?" ಅಂತ ಕೇಳಿದರು. ಇನ್ನೂ ಹುಟ್ಟಿಲ್ಲ, ಒಂಬತ್ತು ದಾಟಬೇಕು ಅಂದೆ. ಕಂಬಳಿ ಹಾಸಿಕೊಂಡು ಬದುವಿನ ಮೇಲೆ ಕೂತರು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತಾರೆ. ಅದನ್ನ ನೋಡದೆ ಹೋಗಲ್ಲ" ಅಂದರು. ಹುಡುಗಿಯೂ ಪಕ್ಕದಲ್ಲೇ ಕೂತಿದ್ದಾಳೆ, ಪೂರ್ವಕ್ಕೆ ಮುಖ ಮಾಡಿ.